ಹೊಸ ರ‍್ಯಾಮ್ ಹಾಕಿದೆ, ಕಂಪ್ಯೂಟರ್ ಕೈಕೊಟ್ಟಿತು: ಎಲ್ಲಿಂದ ಹುಡುಕಬೇಕು?

ಹೋದ ತಿಂಗಳು ರಾತ್ರಿ ಹತ್ತೂವರೆಗೆ ಚಿಕ್ಕಮ್ಮನ ಮಗ ಫೋನ್ ಮಾಡಿದ. "ಅಣ್ಣಾ, ಬೋರ್ಡೇ ಸುಟ್ಟುಹೋಯ್ತು ಅನ್ಸುತ್ತೆ." ಬೆಂಗಳೂರಿನ ಎಸ್.ಪಿ. ರೋಡಿನಿಂದ 8 ಜಿಬಿಯ ಮೆಮೊರಿ ಸ್ಟಿಕ್ಕು, ಅಂದರೆ ರ‍್ಯಾಮ್ ತಂದಿದ್ದ. ಮದರ್‌ಬೋರ್ಡಿನ ಸ್ಲಾಟಿಗೆ ಹಾಕಿದ, ಆನ್ ಮಾಡಿದ. ಫ್ಯಾನ್ ತಿರುಗುತ್ತಿದೆ, ಲೈಟ್ ಉರಿಯುತ್ತಿದೆ, ಮಾನಿಟರ್ ಮಾತ್ರ ಕಪ್ಪು.

"ಸುಟ್ಟ ವಾಸನೆ ಬಂತೇನೋ?"

"ಇಲ್ಲ."

"ಹೊಗೆ?"

"ಇಲ್ಲ ಅಣ್ಣಾ."

"ಹಾಗಾದ್ರೆ ವಯರ್ ಕಿತ್ತು, ಸ್ಟಿಕ್ಕಿನ ಎರಡೂ ತುದಿ ನೋಡು."

ಒಂದು ತುದಿ ಕೂತಿತ್ತು. ಇನ್ನೊಂದು ತುದಿ ಅಕ್ಕಿಕಾಳಿನಷ್ಟು ಮೇಲಿತ್ತು. ಹೆಬ್ಬೆರಳಲ್ಲಿ ಒತ್ತಿದ. ಟಕ್ ಅಂದ ಸದ್ದು ನನಗೆ ಫೋನಿನಲ್ಲೇ ಕೇಳಿಸಿತು. ಕಂಪ್ಯೂಟರ್ ಎದ್ದಿತು.

ನಾನು ನೋಡಿದ ಮಟ್ಟಿಗೆ, ರ‍್ಯಾಮ್ ಹಾಕಿದ ಮೇಲೆ ಬರುವ ತೊಂದರೆಗಳಲ್ಲಿ ರ‍್ಯಾಮೇ ಕೆಟ್ಟಿರುವುದು ಕಡಿಮೆ. ಒಂದೋ ಅದು ಸರಿಯಾಗಿ ಕೂತಿರುವುದಿಲ್ಲ, ಇಲ್ಲ ಅಂದರೆ ಆ ಬೋರ್ಡಿಗೂ ಆ ರ‍್ಯಾಮಿಗೂ ಆಗಿಬರುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಹೇಗೆ ಏರಿದೆ ಅಂತ ನಿಮಗೂ ಗೊತ್ತು. ಚಿಪ್ ಮಾಡುವವರೆಲ್ಲ ಎಐ ಸರ್ವರ್‌ಗಳ ಕಡೆ ತಿರುಗಿದ್ದಾರೆ. ಹಾಗಾಗಿ "ಇದು ಕೆಟ್ಟಿದೆ, ಇನ್ನೊಂದು ತಂದುಬಿಡೋಣ" ಅನ್ನುವ ಮುಂಚೆ ಖರ್ಚಿಲ್ಲದ ಪರೀಕ್ಷೆಗಳನ್ನೆಲ್ಲ ಮುಗಿಸಿಬಿಡಿ. ನಿಮಗೆ ಕಾಣುತ್ತಿರುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರ ಹೋಗಬಹುದು. ಆದರೆ ಮುಂದಿನ ಭಾಗವನ್ನು ಮಾತ್ರ ಎಲ್ಲರೂ ಓದಿ.

ಕೈ ಹಾಕುವ ಮುಂಚೆ

ಶಟ್‌ಡೌನ್ ಮಾಡಿ. ಹಿಂದಿನ ಸ್ವಿಚ್ ಆಫ್ ಮಾಡಿ, ಪವರ್ ವಯರನ್ನೇ ಕಿತ್ತುಬಿಡಿ. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟು ಇಳಿಯುತ್ತದೆ. ಬೋರ್ಡಿನ ಮೇಲೆ ಒಂದು ಚಿಕ್ಕ ಲೈಟ್ ಉರಿಯುತ್ತಿದ್ದರೆ ಅದು ಆರುವ ತನಕ ಕಾಯಿರಿ. ವಯರ್ ಸಿಕ್ಕಿಸಿಕೊಂಡೇ ರ‍್ಯಾಮ್ ಕೀಳುವವರನ್ನು ನೋಡಿದ್ದೇನೆ. ಹತ್ತು ಸಲ ಏನೂ ಆಗುವುದಿಲ್ಲ, ಹನ್ನೊಂದನೇ ಸಲ ಸ್ಲಾಟೇ ಹೋಗುತ್ತದೆ.

ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಬೇಡಿ. ಕಾರ್ಪೆಟ್ ಮೇಲೆ, ಹಾಸಿಗೆ ಮೇಲೆ ಕೂತು ಈ ಕೆಲಸ ಬೇಡ.

ಇನ್ನೊಂದು ಮಾತು, ಇದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಂಪ್ಯೂಟರ್ ಓಡುತ್ತಿರುವಾಗ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆಯಾ? ಹಾಗಿದ್ದರೆ ಆ ಸಾಕೆಟ್ಟಿಗೆ ಅರ್ಥಿಂಗ್ ಸರಿಯಿಲ್ಲ. ಹಳೇ ಮನೆಗಳಲ್ಲಿ, ಮೂರು ಪಿನ್ನಿನ ಸಾಕೆಟ್ ಹಾಕಿ ಅರ್ಥ್ ವಯರ್ ಎಳೆಯದೇ ಬಿಟ್ಟಿರುವ ಬಾಡಿಗೆ ಮನೆಗಳಲ್ಲಿ ಇದು ಸಾಮಾನ್ಯ. ರ‍್ಯಾಮ್ ವಿಷಯ ಆಮೇಲೆ, ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿಕೊಡುವ ಡಬ್ಬಿ) ಯಾವ ಕಾರಣಕ್ಕೂ ಬಿಚ್ಚಬೇಡಿ. ವಯರ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯದಷ್ಟು ಚಾರ್ಜ್ ಉಳಿದಿರಬಹುದು.

"ಸ್ಲಾಟಿಗೆ ಕೂರುತ್ತಲೇ ಇಲ್ಲ"

ಕೂರದಿದ್ದರೆ ಒತ್ತಬೇಡಿ. ಇದು ಬುದ್ಧಿವಂತರು ಮಾಡಿಟ್ಟ ತಡೆ. ಸ್ಟಿಕ್ಕಿನ ಕೆಳಗೆ ಒಂದು ಕಚ್ಚು ಇರುತ್ತದೆ, ಸ್ಲಾಟಿನಲ್ಲಿ ಅದಕ್ಕೆ ಸರಿಯಾಗಿ ಒಂದು ಗೂಟ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಅನ್ನುವ ಮೂರು ತಲೆಮಾರಿಗೂ ಆ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ತಿರುಗಿಸಿ ಹಿಡಿದು ನೋಡಿ. ಎರಡು ಕಡೆಯಿಂದಲೂ ಗೂಟಕ್ಕೆ ಕಚ್ಚು ಕೂಡದಿದ್ದರೆ ತಲೆಮಾರೇ ಬೇರೆ. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್ನು, ಉದ್ದವೂ ಒಂದೇ. ಆದ್ದರಿಂದ ಕಣ್ಣಂದಾಜಿಗೆ ಮೋಸ ಆಗುತ್ತದೆ. ಡಿಡಿಆರ್3ಕ್ಕೆ 240 ಪಿನ್ನು. ವೋಲ್ಟೇಜೂ ಬೇರೆ: ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ಒತ್ತಿ ಕೂರಿಸಿದರೆ ಏನಾಗಬಹುದು ಅಂತ ಇದರಲ್ಲೇ ಗೊತ್ತಾಗುತ್ತದೆ.

ಪ್ರೊಸೆಸರ್ ಹೆಸರು ಗೊತ್ತಿದ್ದರೆ ರ‍್ಯಾಮ್ ಗೊತ್ತಾದ ಹಾಗೆ ಅಂತ ಅಂಗಡಿಯವರೂ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ಎಎಂಡಿಯ ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಬೋರ್ಡಾದರೆ ಡಿಡಿಆರ್4, 2022ರಲ್ಲಿ ಬಂದ ಎಎಂ5 ಆದರೆ ಡಿಡಿಆರ್5, ಅಲ್ಲಿ ಗೊಂದಲವಿಲ್ಲ. ಇಂಟೆಲ್‌ನ 12, 13, 14ನೇ ತಲೆಮಾರಿಗೆ ಮಾತ್ರ ಎರಡೂ ಥರದ ಬೋರ್ಡುಗಳಿವೆ. ಒಂದೇ ಐ5, ಒಬ್ಬರ ಮನೆಯಲ್ಲಿ ಡಿಡಿಆರ್4, ಪಕ್ಕದ ಮನೆಯಲ್ಲಿ ಡಿಡಿಆರ್5. ಅಲ್ಲಿ ಬೋರ್ಡಿನ ಮಾಡೆಲ್ಲೇ ಪ್ರಮಾಣ.

ಸ್ಟಿಕ್ ಅರ್ಧ ಉದ್ದವೇ ಇದ್ದರೆ ಅದು ಲ್ಯಾಪ್‌ಟಾಪಿನದು. ಆಲ್ ಇನ್ ಒನ್‌ಗಳಿಗೂ, ಅಂಗೈಯಗಲದ ಮಿನಿ ಪಿಸಿಗಳಿಗೂ ಬಹಳಷ್ಟು ಸಲ ಆ ಚಿಕ್ಕ ಸ್ಟಿಕ್ಕೇ ಬೇಕು. ಡೆಸ್ಕ್‌ಟಾಪ್ ಅಂತ ಬರೆದಿದೆ ಅಂತ ಉದ್ದದ್ದು ತಂದು ವಾಪಸ್ ಕೊಡಲು ಅಲೆಯಬೇಡಿ. ಮೊದಲು ಮುಚ್ಚಳ ತೆಗೆದು ನೋಡಿ.

"ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು"

ಎಲ್ಲರೂ ಹೆದರುವುದು ಇದಕ್ಕೇ. ಖರ್ಚಿಲ್ಲದ್ದರಿಂದ ಶುರು ಮಾಡೋಣ.

ಮೊದಲು ಮಾನಿಟರ್ ಕೇಬಲ್. ಕ್ಯಾಬಿನೆಟ್ ಎಳೆದಾಡುವಾಗ ಅದು ಸಡಿಲ ಆಗಿರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವ ಮಷೀನಿನಲ್ಲಿ ಕೇಬಲ್ಲನ್ನು ಬೋರ್ಡಿನ ಪೋರ್ಟಿಗೆ ಸಿಕ್ಕಿಸಿ "ಬರ್ತಿಲ್ಲ" ಅಂದವರೂ ಇದ್ದಾರೆ. ಸುಮ್ನೆ ಹೇಳುತ್ತಿಲ್ಲ, ಅದರಲ್ಲಿ ನಾನೂ ಒಬ್ಬ.

ಎರಡನೆಯದು ಕೂರಿಸುವುದು. ಸ್ಲಾಟಿನ ಕ್ಲಿಪ್ ಬಿಚ್ಚಿ ಸ್ಟಿಕ್ ತೆಗೆಯಿರಿ, ಮತ್ತೆ ನೇರವಾಗಿ ಇಳಿಸಿ ಎರಡೂ ತುದಿಗೆ ಸಮನಾಗಿ ಒತ್ತಿ. ಕ್ಲಿಪ್ ತಾನಾಗೇ ಮುಚ್ಚಿಕೊಳ್ಳಬೇಕು. ಕೆಲವು ಬೋರ್ಡುಗಳಲ್ಲಿ ಒಂದೇ ತುದಿಗೆ ಕ್ಲಿಪ್ ಇರುತ್ತದೆ. ಅಲ್ಲಿ ಕ್ಲಿಪ್ಪಿಲ್ಲದ ತುದಿಯೇ ಮೇಲೆದ್ದಿರುವುದು ಜಾಸ್ತಿ. ನಿಜವಾಗಿ ಸ್ವಲ್ಪ ಬಲವೇ ಬೇಕು, ಬೋರ್ಡು ಒಂಚೂರು ಬಗ್ಗಿದ ಹಾಗೆ ಕಂಡು ಎದೆ ಧಸಕ್ಕೆನ್ನುತ್ತದೆ. ಕಚ್ಚು ಗೂಟಕ್ಕೆ ಸರಿಯಾಗಿ ಕೂಡಿದೆ ಅಂತ ನೋಡಿಕೊಂಡಿದ್ದರೆ ಹೆದರಬೇಡಿ.

ಸ್ಟಿಕ್ ಹಳೆಯದಾದರೆ ಹಲ್ಲುಗಳ ಮೇಲೆ ಕೊಳೆ ಕೂತಿರುತ್ತದೆ. ಕರಾವಳಿಯ ಕಡೆ ಮಳೆಗಾಲ ಮುಗಿದ ಮೇಲೆ ಇದು ಇನ್ನೂ ಜಾಸ್ತಿ. ರಿಪೇರಿಯವರು ಶಾಲೆಯ ಬಿಳಿ ರಬ್ಬರಿನಿಂದ ಉಜ್ಜುವುದನ್ನು ನೋಡಿರುತ್ತೀರಿ. ಅದು ಕೆಲಸ ಮಾಡುತ್ತದೆ, ಆದರೆ ಜೋರಾಗಿ ತಿಕ್ಕಿದರೆ ಮೇಲಿನ ತೆಳು ಚಿನ್ನದ ಲೇಪವೇ ಸವೆಯುತ್ತದೆ. ಮೆತ್ತಗೆ ಎರಡು ಸಲ ಎಳೆದರೆ ಸಾಕು, ಅದೂ ಕ್ಯಾಬಿನೆಟ್ಟಿನಿಂದ ದೂರದಲ್ಲಿ. ರಬ್ಬರಿನ ಪುಡಿ ಸ್ಲಾಟಿನೊಳಗೆ ಬಿದ್ದರೆ ಹೊಸ ತಲೆನೋವು. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕರೆ ಅದೇ ಒಳ್ಳೆಯದು. ಬಟ್ಟೆಗೆ ಹಚ್ಚಿ ಒರೆಸಿ, ಪೂರ್ತಿ ಒಣಗಲು ಬಿಡಿ. ಸ್ಲಾಟಿನೊಳಗಿನ ಧೂಳಿಗೆ ಬಾಯಿಂದ ಊದಬೇಡಿ, ಉಗುಳಿನ ಹನಿ ಬೀಳುತ್ತದೆ.

ಮೂರನೆಯದು, ಹೊಸ ಸ್ಟಿಕ್ ತೆಗೆದಿಟ್ಟು ಹಳೆಯದನ್ನು ಮಾತ್ರ ಅದು ಮೊದಲಿದ್ದ ಜಾಗದಲ್ಲೇ ಹಾಕಿ ಆನ್ ಮಾಡಿ. ಬಂತಾ? ಹಾಗಾದರೆ ಬೋರ್ಡು ಬದುಕಿದೆ, ಸಮಾಧಾನ ಮಾಡಿಕೊಳ್ಳಿ. ಈಗ ಹಳೆಯದನ್ನು ತೆಗೆದು, ಹೊಸದೊಂದನ್ನೇ ಅದೇ ಜಾಗದಲ್ಲಿ ಹಾಕಿ ನೋಡಿ. ಒಂದೊಂದೇ ಹಾಕಿದಾಗ ಎರಡೂ ಓಡಿ, ಜೊತೆಗೆ ಹಾಕಿದಾಗ ಮಾತ್ರ ಓಡದಿದ್ದರೆ ಅವೆರಡಕ್ಕೂ ಹೊಂದುತ್ತಿಲ್ಲ, ಇಲ್ಲವೇ ಇನ್ನೊಂದು ಸ್ಲಾಟಿನಲ್ಲಿ ದೋಷವಿದೆ. ಹೊಸದು ಒಂಟಿಯಾಗಿಯೂ ಓಡದಿದ್ದರೆ ಅದು ಕೆಟ್ಟಿದೆ ಅಥವಾ ಈ ಬೋರ್ಡಿಗೆ ಆಗದ ಜಾತಿ. ಯಾವುದು ಅಂತ ಮುಂದಿನ ಭಾಗದಲ್ಲಿ ಲೇಬಲ್ಲೇ ಹೇಳುತ್ತದೆ.

ಬೋರ್ಡು ತಾನೇ ಏನಾದರೂ ಹೇಳುತ್ತಿದೆಯಾ ಅಂತಲೂ ನೋಡಿ. ಈಗಿನ ಬಹಳ ಬೋರ್ಡುಗಳಲ್ಲಿ ಡಿ-ರ‍್ಯಾಮ್ ಅಂತ ಬರೆದ ಪುಟ್ಟ ಲೈಟ್ ಇರುತ್ತದೆ. ಅದೊಂದೇ ಉರಿದುಕೊಂಡು ನಿಂತರೆ ತೊಂದರೆ ರ‍್ಯಾಮಿನದೇ. ಹಳೆಯ ಬೋರ್ಡುಗಳು ಬೀಪ್ ಅನ್ನುತ್ತವೆ, ಎಷ್ಟು ಬೀಪಿಗೆ ಏನರ್ಥ ಅನ್ನುವುದು ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಮ್) ಮಾಡಿದ ಕಂಪನಿಗೊಂದು ಥರ. ಆದರೆ ಬೀಪ್ ಹೊಡೆಯುವ ಆ ಚಿಕ್ಕ ಸ್ಪೀಕರೇ ಈಗಿನ ಕ್ಯಾಬಿನೆಟ್ಟುಗಳಲ್ಲಿ ಇರುವುದಿಲ್ಲ, ಆದ್ದರಿಂದ ಸದ್ದಿಲ್ಲ ಅಂದ ಮಾತ್ರಕ್ಕೆ ದೋಷವಿಲ್ಲ ಅಂತಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಜಾಸ್ತಿ ಸಿಗುವ ಡೆಲ್ ಆಪ್ಟಿಪ್ಲೆಕ್ಸ್‌ಗಳ ಹಲವು ಮಾಡೆಲ್ಲುಗಳಲ್ಲಿ ಪವರ್ ಬಟನ್ನೇ ಮಿನುಗಿ ಹೇಳುತ್ತದೆ. ಎರಡು ಸಲ ಕಿತ್ತಳೆ, ಮೂರು ಸಲ ಬಿಳಿ ಆದರೆ ರ‍್ಯಾಮ್ ಕಾಣುತ್ತಿಲ್ಲ. ಎರಡು ಮತ್ತು ನಾಲ್ಕು ಆದರೆ ರ‍್ಯಾಮಿನಲ್ಲಿ ದೋಷ. ಎರಡು ಮತ್ತು ಐದು ಆದರೆ ಹೊಂದದ ರ‍್ಯಾಮ್.

ಡಿಡಿಆರ್5 ಹಾಕಿದವರಿಗೆ ಒಂದು ಮಾತು: ಕಾಯಿರಿ. ಹೊಸ ಸ್ಟಿಕ್ ಹಾಕಿದ ಮೇಲೆ ಮೊದಲ ಸಲ ಬೋರ್ಡು ಅದರ ಅಳತೆಗಳನ್ನೆಲ್ಲ ಕಲಿತುಕೊಳ್ಳುತ್ತದೆ. ಎಎಂ5 ಬೋರ್ಡುಗಳಲ್ಲಿ ಇದಕ್ಕೆ ಹಲವು ನಿಮಿಷ ಹಿಡಿಯುವುದುಂಟು, ಅಷ್ಟೂ ಹೊತ್ತು ಪರದೆ ಕಪ್ಪು. ಎರಡು ನಿಮಿಷಕ್ಕೆ ತಾಳ್ಮೆಗೆಟ್ಟು ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ನಾನಾದರೆ ಹದಿನೈದು ನಿಮಿಷ ಬಿಟ್ಟು, ಕಾಫಿ ಕುಡಿದು ಬರುತ್ತೇನೆ.

ಇಷ್ಟಾದರೂ ಬರದಿದ್ದರೆ ಬಯೋಸ್ ರೀಸೆಟ್. ವಯರ್ ಕಿತ್ತು, ಬೋರ್ಡಿನ ಮೇಲಿನ ಸಿಆರ್2032 ನಾಣ್ಯದ ಬ್ಯಾಟರಿ ತೆಗೆದು, ಪವರ್ ಬಟನ್ ಕೆಲವು ಸಲ ಒತ್ತಿ, ಐದು ನಿಮಿಷ ಬಿಟ್ಟು ಹಾಕಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಬ್ಯಾಟರಿಯನ್ನು ಮೇಜಿನ ಮೇಲೆ ಬಿಟ್ಟು ಎದ್ದು ಹೋಗಬೇಡಿ, ನುಂಗಿದರೆ ಪ್ರಾಣಕ್ಕೇ ಅಪಾಯ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ರೀಸೆಟ್ ಆದ ಮೇಲೆ ರಿಕವರಿ ಕೀ ಕೇಳಬಹುದು. ಮೊಬೈಲಿನಿಂದ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ ಆ ಕೀ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ರ‍್ಯಾಮ್ ಸರಿಹೋಗಿ ಫೋಟೋಗಳೆಲ್ಲ ಬೀಗ ಹಾಕಿಕೊಂಡು ಕೂತಿರುತ್ತವೆ.

ಲೇಬಲ್ಲಿನ ಜಾತಕ

ಇದು ಲಕ್ಷಣ ಅಲ್ಲ, ಆದರೆ ಮೇಲಿನ ಮತ್ತು ಕೆಳಗಿನ ಎಲ್ಲ ಲಕ್ಷಣಗಳಿಗೂ ಬೇಕು. ಕಂಪನಿ ಮಷೀನುಗಳಿಂದ ಬಿಚ್ಚಿದ ಸ್ಟಿಕ್ಕುಗಳ ಮೇಲೆ ಹೆಚ್ಚಾಗಿ ಹೀಗೊಂದು ಸಾಲಿರುತ್ತದೆ: 8ಜಿಬಿ 1ಆರ್‌ಎಕ್ಸ್8 ಪಿಸಿ4-2666ವಿ-ಯುಎ2-11.

8ಜಿಬಿ ಗೊತ್ತೇ ಇದೆ. ಪಿಸಿ4 ಅಂದರೆ ಡಿಡಿಆರ್4, ಪಿಸಿ3 ಅಂದರೆ ಡಿಡಿಆರ್3. ಪಿಸಿ3ಎಲ್ ಅಂತ ಎಲ್ ಸೇರಿದ್ದರೆ 1.35 ವೋಲ್ಟಿನದು. 2666 ವೇಗ. ಕೆಲವರು ಇದನ್ನೇ ಪಿಸಿ4-21300 ಅಂತ ಬರೆಯುತ್ತಾರೆ, ಅದು 2666ನ್ನು 8ರಿಂದ ಗುಣಿಸಿ ಸರಿಮಾಡಿದ ಲೆಕ್ಕ, ಸಾಮಾನು ಒಂದೇ. 1ಆರ್ ಅಂದರೆ ಒಂದು ರ‍್ಯಾಂಕ್, ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್ಪುಗಳ ಒಂದೇ ಗುಂಪು; ಎಕ್ಸ್8 ಅಂದರೆ ಒಂದೊಂದು ಚಿಪ್ಪೂ 8 ಬಿಟ್ ಅಗಲ. ಎಷ್ಟು ಜಿಬಿ, ಯಾವ ತಲೆಮಾರು ಅನ್ನುವುದನ್ನು ಮೊದಲೇ ನೋಡಿಕೊಂಡಿರುತ್ತೀರಿ. ಕಣ್ಣು ತಪ್ಪಿಸಿಕೊಳ್ಳುವುದು ವೇಗದ ಆಚೆ, ಅಡ್ಡಗೆರೆ ದಾಟಿದ ಕೂಡಲೇ ಇರುವ ಆ ಒಂದಕ್ಷರ. "ಯು" ಇದ್ದರೆ ಡೆಸ್ಕ್‌ಟಾಪಿನದು. "ಎಸ್" ಲ್ಯಾಪ್‌ಟಾಪಿನದು. "ಆರ್" ಇದ್ದರೆ ಸರ್ವರ್‌ನದು, ನಮ್ಮ ಮನೆ ಬೋರ್ಡಿಗೆ ಆಗುವುದಿಲ್ಲ.

ಆ "ಆರ್" ನನಗೆ ಕಲಿಸಿದ ಪಾಠ ಬೇರೆ. ಆನ್‌ಲೈನಿನಲ್ಲಿ ಒಬ್ಬ 16 ಜಿಬಿಯ ಡಿಡಿಆರ್4 ಸ್ಟಿಕ್ಕುಗಳನ್ನು ಅರ್ಧ ಬೆಲೆಗೆ ಮಾರುತ್ತಿದ್ದ. ಪಿನ್ನೂ ಅಷ್ಟೇ, ಕಚ್ಚೂ ಅಲ್ಲೇ. ಎರಡು ತರಿಸಿದೆ. ಟಕ್ ಅಂತ ಕೂತವು, ಮಷೀನ್ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ಆಮೇಲೆ ಸ್ಟಿಕ್ಕನ್ನು ಬೆಳಕಿಗೆ ಹಿಡಿದು ನೋಡುತ್ತೇನೆ, ನಟ್ಟನಡುವೆ ಬೇರೆಯದೇ ಆಕಾರದ ಒಂದು ಚಿಪ್ಪು ಕೂತಿದೆ. ಅದೇ ಸರ್ವರ್ ರ‍್ಯಾಮಿನ ರಿಜಿಸ್ಟರ್. ಒಂದು ಬದಿಗೆ ಎಂಟರ ಬದಲು ಒಂಬತ್ತು ಮೆಮೊರಿ ಚಿಪ್ಪುಗಳಿದ್ದರೂ ಅನುಮಾನ ಪಡಿ, ಆ ಒಂಬತ್ತನೆಯದು ತಪ್ಪು ಹಿಡಿಯುವ ಇಸಿಸಿ ಚಿಪ್ಪು. ವಾಪಸ್ ಕಳಿಸಲು ಹೋದರೆ ಅವನ ಜಾಹೀರಾತಿನಲ್ಲಿ ಸಣ್ಣಕ್ಷರದಲ್ಲಿ ಸರ್ವರ್ ಅಂತ ಬರೆದೇ ಇತ್ತು.

ಹಳೆಯ ಮಷೀನಿನವರಿಗೆ ಇನ್ನೊಂದು ಬಲೆ ಇದೆ. ಜಿ41 ಥರದ ಬೋರ್ಡಿಗೆ 4 ಜಿಬಿ ಸ್ಟಿಕ್ ಹಾಕುವುದಾದರೆ ಎರಡೂ ಬದಿ ಸೇರಿ ಹದಿನಾರು ಚಿಪ್ಪಿರುವುದೇ ಬೇಕು, ಎಂಟೇ ಚಿಪ್ಪಿನ ಹೊಸ ಥರದ್ದನ್ನು ಅದು ಓದುವುದಿಲ್ಲ. "ಎಎಂಡಿಗೆ ಮಾತ್ರ" ಅಂತ ಅಗ್ಗಕ್ಕೆ ಬರುವ ಡಿಡಿಆರ್3 ಸ್ಟಿಕ್ಕುಗಳು ಇಂಟೆಲ್ ಬೋರ್ಡಿನಲ್ಲಿ ಏಳುವುದಿಲ್ಲ. ಇನ್ನೂ ಊರೂರಲ್ಲಿ ಓಡುತ್ತಿರುವ ಎಚ್61 ಬೋರ್ಡಿಗೆ ಒಟ್ಟು 16 ಜಿಬಿಯೇ ಮಿತಿ, ಅದೂ 8 ಮತ್ತು 8. ಒಂದೇ 16ರ ಸ್ಟಿಕ್ ಹಾಕಿದರೆ ಕಪ್ಪು ಪರದೆಯೇ ಗತಿ.

"16 ಜಿಬಿ ಹಾಕಿದೆ, 8 ತೋರಿಸುತ್ತಿದೆ"

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟ್ ತುಂಬಿದೆ, ವೇಗ ಎಷ್ಟು, ಹಾರ್ಡ್‌ವೇರ್ ರಿಸರ್ವ್ಡ್ ಎಷ್ಟು ಎಲ್ಲ ಒಂದೇ ಕಡೆ ಇದೆ.

16ರಲ್ಲಿ 15.8 ಅಂತ ತೋರಿಸಿದರೆ ಯಾರೂ ಮೋಸ ಮಾಡಿಲ್ಲ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ತನ್ನ ಪಾಲು ಎತ್ತಿಟ್ಟುಕೊಂಡಿದೆ. ಕೆಲವು ಎಎಂಡಿ ಮಷೀನುಗಳಲ್ಲಿ ಅದು 2 ಜಿಬಿ ತನಕವೂ ಹೋಗುತ್ತದೆ, ಬಯೋಸ್‌ನಲ್ಲಿ ಕಡಿಮೆ ಮಾಡಬಹುದು.

ಎಷ್ಟು ಹಾಕಿದರೂ 3.2 ಅಥವಾ 3.5ರ ಸುತ್ತಲೇ ನಿಂತರೆ ನಿಮ್ಮ ವಿಂಡೋಸ್ 32 ಬಿಟ್‌ನದು. 4 ಜಿಬಿ ಆಚೆಗೆ ಅದಕ್ಕೆ ಕಣ್ಣಿಲ್ಲ. 64 ಬಿಟ್‌ನದನ್ನು ಹೊಸದಾಗೇ ಹಾಕಬೇಕು, ಅದರ ಮೇಲೇ ಅಪ್‌ಗ್ರೇಡ್ ಮಾಡಲು ಬರುವುದಿಲ್ಲ. ಇನ್ನೂ ವಿಂಡೋಸ್ 7ರ ಹೋಮ್ ಬೇಸಿಕ್ ಇಟ್ಟುಕೊಂಡವರಿಗೆ 64 ಬಿಟ್ ಆದರೂ 8 ಜಿಬಿಗೇ ಬಾಗಿಲು ಬಂದ್.

ಟಾಸ್ಕ್ ಮ್ಯಾನೇಜರ್ ಎರಡೂ ಸ್ಲಾಟ್ ತುಂಬಿದೆ ಅನ್ನುತ್ತದೆ, ಆದರೆ ಅರ್ಧ ರ‍್ಯಾಮ್ ಹಾರ್ಡ್‌ವೇರ್ ರಿಸರ್ವ್ಡ್ ಅಂತ ಹೋಗಿದೆ. ಆಗ ಮೊದಲು ಸ್ಟಾರ್ಟ್‌ನಲ್ಲಿ ಎಂಎಸ್‌ಕಾನ್ಫಿಗ್ ಅಂತ ಹುಡುಕಿ ತೆರೆದು, ಬೂಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಮೆಮೊರಿ ಮುಂದೆ ಟಿಕ್ ಇದೆಯಾ ನೋಡಿ. ಇದ್ದರೆ ತೆಗೆಯಿರಿ. ಕಂಪ್ಯೂಟರ್ ಫಾಸ್ಟ್ ಮಾಡುವ ಯಾವುದೋ ವಿಡಿಯೋ ನೋಡಿ ನೀವೇ ಹಾಕಿರುತ್ತೀರಿ. ಆ ಟಿಕ್‌ನಿಂದ ಫಾಸ್ಟ್ ಆಗುವುದೇನೂ ಇಲ್ಲ.

ಒಂದು ಸ್ಲಾಟೇ ಖಾಲಿ ಅಂತ ತೋರಿಸಿದರೆ ಮತ್ತೆ ಕೂರಿಸಿ, ಸ್ಟಿಕ್ಕುಗಳನ್ನು ಅದಲುಬದಲು ಮಾಡಿ. ಯಾವ ಸ್ಟಿಕ್ ಹಾಕಿದರೂ ಅದೇ ಸ್ಲಾಟ್ ಸತ್ತ ಹಾಗಿದ್ದರೆ ಇಲ್ಲಿಗೆ ನಿಲ್ಲಿಸಿ. ಪ್ರೊಸೆಸರ್ ಸಾಕೆಟ್ಟಿನಲ್ಲಿ ಒಂದು ಪಿನ್ ಬಗ್ಗಿದ್ದರೂ, ಕೂಲರನ್ನು ಒಂದೇ ಕಡೆ ಜಾಸ್ತಿ ಬಿಗಿದಿದ್ದರೂ ಒಂದಿಡೀ ಚಾನೆಲ್, ಅಂದರೆ ಪ್ರೊಸೆಸರಿನಿಂದ ಸ್ಲಾಟಿಗೆ ಹೋಗುವ ಒಂದು ದಾರಿ, ಹೋಗುತ್ತದೆ. ಆ ಪಿನ್ನುಗಳು ಕೂದಲಿನ ಹಾಗೆ. ಭೂತಗನ್ನಡಿ, ಅಭ್ಯಾಸದ ಕೈ ಎರಡೂ ಇದ್ದವರು ನೋಡಬೇಕಾದ ಕೆಲಸ ಅದು.

"3200ರದ್ದು ತಂದೆ, 2666 ತೋರಿಸುತ್ತಿದೆ"

ಚಿಕ್ಕಮ್ಮನ ಮಗ ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದ್ದು ಇದಕ್ಕೇ. "ಅಣ್ಣಾ, ಅಂಗಡಿಯವನು ಟೋಪಿ ಹಾಕಿದ." ಅವನದು ಐ5-8400, ಎಚ್310 ಬೋರ್ಡು. ಆ ಪ್ರೊಸೆಸರಿಗೆ 2666ಕ್ಕಿಂತ ಮೇಲೆ ಹೋಗಲು ಆ ಬೋರ್ಡು ಬಿಡುವುದಿಲ್ಲ. 3200ರ ಸ್ಟಿಕ್ ಕೆಳಗಿನ ವೇಗಕ್ಕೆ ಇಳಿದು ಹೊಂದಿಕೊಂಡಿದೆ, ಅಷ್ಟೇ. ಬಂಡಿಗೆ ಒಂದು ಜೋರಿನ ಎತ್ತು, ಒಂದು ನಿಧಾನದ್ದು ಕಟ್ಟಿದರೆ ನಿಧಾನದ್ದರ ನಡಿಗೆಯಲ್ಲೇ ಬಂಡಿ ಹೋಗುವುದಲ್ವಾ, ಹಾಗೆ ಬೋರ್ಡು, ಪ್ರೊಸೆಸರ್, ಎರಡು ಸ್ಟಿಕ್ಕು ಇಷ್ಟರಲ್ಲಿ ಯಾರು ಎಲ್ಲಕ್ಕಿಂತ ನಿಧಾನವೋ ಅವರ ವೇಗಕ್ಕೇ ಎಲ್ಲರೂ ಬರುತ್ತಾರೆ. ಇದು ದೋಷ ಅಲ್ಲ. ಬೆಲೆ ಒಂದೇ ಇದ್ದರೆ 3200ರದ್ದು ತಂದದ್ದರಲ್ಲಿ ನಷ್ಟವೂ ಇಲ್ಲ.

ಕಂಪ್ಯೂಟರಿನ ಒಳವಿವರ ತೋರಿಸುವ ಸಿಪಿಯು-ಝಡ್ ಪ್ರೋಗ್ರಾಮಿನಲ್ಲಿ 1333 ಅಂತ ಕಂಡು ಗಾಬರಿಯಾದರೆ ಅದನ್ನು ಎರಡರಿಂದ ಗುಣಿಸಿ. ಡಿಡಿಆರ್‌ನ ಮೊದಲ "ಡಿ" ಡಬಲ್‌ದು.

ಬೋರ್ಡಿಗೆ ತಾಕತ್ತಿದ್ದೂ 2133 ಅಥವಾ 2400ರಲ್ಲಿ ನಿಂತಿದ್ದರೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ (ಸ್ಟಿಕ್ಕಿನಲ್ಲೇ ಬರೆದಿಟ್ಟಿರುವ ಹೆಚ್ಚಿನ ವೇಗದ ಸೆಟ್ಟಿಂಗ್) ಆನ್ ಮಾಡಿ. ಎಎಂಡಿ ಬೋರ್ಡುಗಳಲ್ಲಿ ಡಿಓಸಿಪಿ, ಡಿಡಿಆರ್5 ಆದರೆ ಎಕ್ಸ್‌ಪೋ ಅಂತಲೂ ಹೆಸರಿರುತ್ತದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ ವೇಗ ಬಹಳ ಸಲ ಇದನ್ನು ಆನ್ ಮಾಡಿದ ಮೇಲೆ ಸಿಗುವಂಥದ್ದು.

ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡೇ ಸ್ಟಿಕ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು, ಬೋರ್ಡಿನ ಮೇಲೆ ಎ2, ಬಿ2 ಅಂತ ಬರೆದಿರುತ್ತದೆ. ಪಕ್ಕಪಕ್ಕದಲ್ಲಿ, ಒಂದು-ಎರಡು ಅಥವಾ ಮೂರು-ನಾಲ್ಕು ಅಂತ ಹಾಕಿದರೆ ಎರಡೂ ಒಂದೇ ಚಾನೆಲ್ಲಿಗೆ ಬಿದ್ದು ಅರ್ಧ ದಾರಿ ಖಾಲಿ ಬಿದ್ದಿರುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಈ ವ್ಯತ್ಯಾಸ ಆಟಗಳಲ್ಲಿ ಕಣ್ಣಿಗೇ ಕಾಣುತ್ತದೆ. ಅದಕ್ಕೇ ಒಂದು 16ಕ್ಕಿಂತ ಎರಡು 8 ಮೇಲು ಅನ್ನುವುದು. ಡಿಡಿಆರ್5ನಲ್ಲಿ ಮಾತ್ರ ನಾಲ್ಕೂ ಸ್ಲಾಟ್ ತುಂಬುವ ಆಸೆ ಬೇಡ. ರೈಜೆನ್ 7000 ಪ್ರೊಸೆಸರುಗಳಲ್ಲಿ ನಾಲ್ಕು ಸ್ಟಿಕ್ ಹಾಕಿದರೆ ಎಎಂಡಿಯೇ ಒಪ್ಪುವ ವೇಗ 5200ರಿಂದ 3600ಕ್ಕೆ ಇಳಿಯುತ್ತದೆ.

"ಆನ್ ಆಗುತ್ತದೆ, ನಡುವೆ ನೀಲಿ ಪರದೆ ಬಂದು ಬೀಳುತ್ತದೆ"

ನನ್ನ ಪ್ರಕಾರ ಕಪ್ಪು ಪರದೆಗಿಂತ ಇದೇ ಕೆಟ್ಟದ್ದು. ಕಪ್ಪು ಪರದೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಇದು ಗೆದ್ದಲಿನ ಹಾಗೆ ಒಳಗಿಂದ ತಿನ್ನುತ್ತದೆ. ದೋಷವಿರುವ ರ‍್ಯಾಮಿನ ಮೂಲಕ ಹಾದು ಹೋಗುವ ಫೈಲುಗಳು ಹಾಳಾಗಿಯೇ ಡಿಸ್ಕಿಗೆ ಬರೆಸಿಕೊಳ್ಳಬಹುದು, ನಿಮಗೆ ಗೊತ್ತೇ ಆಗುವುದಿಲ್ಲ.

ಲಕ್ಷಣಗಳು ಹೀಗಿರುತ್ತವೆ. ನೀಲಿ ಪರದೆಯ ಮೇಲೆ ಪ್ರತಿ ಸಲ ಬೇರೆ ಬೇರೆ ಕಾರಣ: ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್, ಒಮ್ಮೆ ಪೇಜ್ ಫಾಲ್ಟ್. ಬ್ರೌಸರ್‌ನಲ್ಲಿ ಟ್ಯಾಬುಗಳು ತಾವಾಗೇ ಸಾಯುತ್ತವೆ. ದೊಡ್ಡ ಝಿಪ್ ಫೈಲ್ ಬಿಚ್ಚಿದರೆ ಫೈಲ್ ಹಾಳಾಗಿದೆ ಅನ್ನುವ ಸಿಆರ್‌ಸಿ ಎರರ್, ಅದನ್ನೇ ಮತ್ತೆ ಬಿಚ್ಚಿದರೆ ಸರಿ ಬರುತ್ತದೆ. ಒಂದೇ ಕೆಲಸ ಎರಡು ಸಲ ಮಾಡಿದರೆ ಎರಡು ಉತ್ತರ ಬರುತ್ತಿದ್ದರೆ ನನ್ನ ಅನುಮಾನ ಮೊದಲು ಹೋಗುವುದು ರ‍್ಯಾಮಿಗೇ.

ಈ ಸ್ಥಿತಿಯಲ್ಲಿ ವಿಂಡೋಸ್ ಅಪ್‌ಡೇಟ್ ಮಾಡಬೇಡಿ, ಮದುವೆ ಫೋಟೋ ಕಾಪಿ ಮಾಡಬೇಡಿ, ಟ್ಯಾಲಿಯಲ್ಲಿ ಎಂಟ್ರಿ ಹಾಕಬೇಡಿ. ಹೊಸ ಸ್ಟಿಕ್ ತೆಗೆದಿಟ್ಟು, ಹಳೆಯದರಲ್ಲಿ ಸರಿಯಾಗಿ ಓಡುತ್ತದಾ ನೋಡಿ, ಓಡಿದರೆ ಮೊದಲು ಬ್ಯಾಕಪ್.

ಆಮೇಲೆ ಎಕ್ಸ್‌ಎಂಪಿ ಆನ್ ಮಾಡಿದ್ದರೆ ಆಫ್ ಮಾಡಿ ಒಂದೆರಡು ದಿನ ಓಡಿಸಿ. ಎಕ್ಸ್‌ಎಂಪಿ ಅನ್ನುವುದು ಒಂಥರಾ ಓವರ್‌ಕ್ಲಾಕಿಂಗೇ, ಅಂದರೆ ನಿಗದಿಗಿಂತ ಜೋರಾಗಿ ಓಡಿಸುವುದು. ಆಫ್ ಮಾಡಿದ ಮೇಲೆ ನಿಂತುಹೋದರೆ ಸ್ಟಿಕ್ ಕೆಟ್ಟಿಲ್ಲ, ಆ ವೇಗ ನಿಮ್ಮ ಜೋಡಿಗೆ ಹೆಚ್ಚಾಯಿತು. ಒಂದು ಮೆಟ್ಟಿಲು ಕೆಳಗಿಟ್ಟು ಬಳಸಿ. ಬೇರೆ ಬೇರೆ ಕಂಪನಿಯ ಸ್ಟಿಕ್ಕುಗಳನ್ನು ಜೊತೆ ಮಾಡಿದವರಿಗೆ ಇದು ಜಾಸ್ತಿ.

ಇನ್ನೂ ಬೀಳುತ್ತಿದ್ದರೆ ಪರೀಕ್ಷೆ. ಸ್ಟಾರ್ಟ್‌ನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಹುಡುಕಿ ಓಡಿಸುವುದು ಸುಲಭ, ಆದರೆ ಅದು ಪಾಸ್ ಅಂದ ಮಾತ್ರಕ್ಕೆ ನಂಬಬೇಡಿ. ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಬೇರೆ ಒಳ್ಳೆಯ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಅದರಿಂದಲೇ ಬೂಟ್ ಮಾಡಿ, ರಾತ್ರಿ ಮಲಗುವಾಗ ಬಿಟ್ಟುಬಿಡಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಬೆಳಿಗ್ಗೆ ಕೆಂಪು ಸಾಲು ಒಂದೇ ಒಂದು ಇದ್ದರೂ ಅದು ಫೇಲ್. "ಒಂದೇ ತಾನೇ" ಅನ್ನುವ ಹಾಗಿಲ್ಲ.

ಫೇಲ್ ಆದರೆ ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಹಳೆ ಸ್ಟಿಕ್ ಒಂದನೇ ಸ್ಲಾಟ್, ಹಳೆ ಸ್ಟಿಕ್ ಎರಡನೇ ಸ್ಲಾಟ್, ಹೊಸದು ಒಂದನೇ, ಹೊಸದು ಎರಡನೇ. ನಾಲ್ಕೂ ಬೇರೆ ಬೇರೆ ಓಡಿಸಿ, ಬರೆದಿಡಿ. ತಲೆಯಲ್ಲಿ ಇಟ್ಟುಕೊಳ್ಳುತ್ತೇನೆ ಅಂದರೆ ಮೂರನೆಯ ಸಲಕ್ಕೆ ಮರೆತಿರುತ್ತೀರಿ. ಒಂದು ಸ್ಟಿಕ್ ಯಾವ ಸ್ಲಾಟಿಗೆ ಹೋದರೂ ಅದರಲ್ಲೇ ತಪ್ಪು ಬಂದರೆ ಆ ಸ್ಟಿಕ್ ಬದಲಾಯಿಸಿ. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ತಪ್ಪು ಬಂದರೆ ಬೋರ್ಡಿನ ಮೇಲೆ ಅನುಮಾನ. ನಾಲ್ಕರಲ್ಲೂ ತಪ್ಪು ಬಂದರೆ ಎಸ್‌ಎಂಪಿಎಸ್ ಅಥವಾ ಪ್ರೊಸೆಸರ್ ಮೇಲೆ ಅನುಮಾನ, ಅದು ಮನೆಯಲ್ಲಿ ಬಗೆಹರಿಯುವ ಮಾತಲ್ಲ.

ಬಯೋಸ್ ಅಪ್‌ಡೇಟ್ ಮಾಡಿದರೆ ಸರಿಹೋಗಬಹುದು ಅಂತ ಕೆಲವರು ಹೇಳುತ್ತಾರೆ. 24 ಅಥವಾ 48 ಜಿಬಿಯ ಡಿಡಿಆರ್5 ಸ್ಟಿಕ್ ತಂದವರಿಗೆ ಅದು ನಿಜ, ಹಳೆಯ ಬಯೋಸ್‌ಗೆ ಆ ಅಳತೆಯೇ ಗೊತ್ತಿರುವುದಿಲ್ಲ. ಆದರೆ ರ‍್ಯಾಮ್ ಅಲುಗಾಡುತ್ತಿರುವಾಗ ಬಯೋಸ್ ಬರೆಯಬೇಡಿ, ಮೊದಲು ನಂಬಿಕೆಯ ಹಳೆ ಸ್ಟಿಕ್ ಹಾಕಿಕೊಳ್ಳಿ. ಯುಪಿಎಸ್ ಇಲ್ಲದೆಯಂತೂ ಬೇಡವೇ ಬೇಡ. ಬರೆಯುತ್ತಿರುವಾಗ ಕರೆಂಟ್ ಹೋದರೆ ಬೋರ್ಡೇ ಮಲಗಿಬಿಡಬಹುದು.

"ರ‍್ಯಾಮ್ ಡಬಲ್ ಮಾಡಿದೆ, ಇನ್ನೂ ನಿಧಾನ"

ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಅರ್ಧವೂ ತುಂಬಿಲ್ಲ, ಡಿಸ್ಕ್ ಮಾತ್ರ ಶೇ. 100ರಲ್ಲಿ ನಿಂತಿದೆ. ಹಾಗಿದ್ದರೆ ರೋಗ ಬೇರೆ ಕಡೆ ಇದೆ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ. ತಂದ ರ‍್ಯಾಮನ್ನು ಅಂಗಡಿಯವರು ವಾಪಸ್ ತೆಗೆದುಕೊಂಡರೆ ನಿಮ್ಮ ಪುಣ್ಯ.

ಅಂಗಡಿಗೆ ಹೋಗುವಾಗ

ಸುಟ್ಟ ವಾಸನೆ ಬಂದರೆ, ಸ್ಟಿಕ್ಕಿನ ಹಲ್ಲಿನ ಮೇಲೆ ಕರಿ ಕಲೆ ಕಂಡರೆ, ಸ್ಲಾಟಿನೊಳಗೆ ಪಿನ್ ಬಗ್ಗಿದ್ದರೆ, ಹಳೆ ಸ್ಟಿಕ್ ಹಾಕಿದರೂ ಮಷೀನ್ ಏಳದಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಎತ್ತಿಕೊಂಡು ಹೋಗಿ.

ಬದಲಾಯಿಸಲು ಹೋಗುವುದಾದರೆ ಬಿಲ್ಲು, ಮೆಮ್‌ಟೆಸ್ಟಿನ ಕೆಂಪು ಸಾಲಿನ ಫೋಟೋ, ಹಳೆ ಸ್ಟಿಕ್ಕಿನ ಲೇಬಲ್ಲಿನ ಫೋಟೋ, ಬೋರ್ಡಿನ ಮಾಡೆಲ್ ಬರೆದ ಜಾಗದ ಫೋಟೋ ಮೊಬೈಲಿನಲ್ಲಿರಲಿ. "8 ಜಿಬಿ ಡಿಡಿಆರ್4 ಕೊಡಿ" ಅಂದರೆ ಅವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಫೋಟೋ ತೋರಿಸಿ "ಇದರ ಜೊತೆ ಓಡಬೇಕು, ಓಡದಿದ್ದರೆ ಬದಲಾಯಿಸಿ ಕೊಡ್ತೀರಾ?" ಅಂತ ಕೇಳಿ, ಎಷ್ಟು ದಿನ ಅಂತ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಜೋಡಿಯಾಗಿ ಬಂದ ಕಿಟ್ಟಾದರೆ ಕೆಟ್ಟಿರುವುದು ಒಂದೇ ಆದರೂ ಎರಡನ್ನೂ ಒಯ್ಯಿರಿ, ವಾರಂಟಿಗೆ ಬಹಳ ಸಲ ಎರಡೂ ಕೇಳುತ್ತಾರೆ. ಮತ್ತೆ ಸ್ಟಿಕ್ಕನ್ನು ಬೈಕಿನ ಕೀ, ಚಿಲ್ಲರೆ ಕಾಸಿನ ಜೊತೆ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಹೋಗಬೇಡಿ. ಅದು ಬಂದ ಪ್ಲಾಸ್ಟಿಕ್ ಡಬ್ಬಿ ಇಲ್ಲದಿದ್ದರೆ, ಬೋರ್ಡು ಅಥವಾ ಹಾರ್ಡ್ ಡಿಸ್ಕ್ ಜೊತೆ ಬಂದ ಆ ಬೂದಿ ಬಣ್ಣದ ಆಂಟಿಸ್ಟ್ಯಾಟಿಕ್ ಕವರ್ ಮನೆಯಲ್ಲಿ ಎಲ್ಲೋ ಬಿದ್ದಿರುತ್ತದೆ, ಹುಡುಕಿ.